ಲಂಕೆಗೆ ಹೊರಟಿರಾ? ಪಾದಗಳ ಕಡೆ ಗಮನವಿರಲಿ

ನಮ್ಮ ಗವಿಪುರದ ಹಿರಿಯರು ಗುಂಪು ಕಟ್ಟಿಕೊಂಡು ಶ್ರೀಲಂಕಾ ಪ್ರವಾಸಕ್ಕೆ ಹೊರಡುವುದು ಈಗ ಸಾಮಾನ್ಯ. ಬಂದು ಮಲೇರಿಯಾ ಮಾತ್ರೆ ಕೇಳುತ್ತಾರೆ. ಆ ದೇಶ ಮಲೇರಿಯಾಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಪ್ರಮಾಣೀಕರಿಸಿದೆ. ನನಗೆ ಹೆಚ್ಚಿನ ಚಿಂತೆ ಸಕ್ಕರೆ ಕಾಯಿಲೆಯವರ ಪಾದಗಳದ್ದು.

ಅಲ್ಲಿನ ಬೌದ್ಧ ವಿಹಾರಗಳಲ್ಲಿ ಪಾದರಕ್ಷೆ, ಟೋಪಿ ತೆಗೆಯಬೇಕು. ಭುಜ, ಮಂಡಿ ಮುಚ್ಚಿರಬೇಕು. ಗವಿ ಗಂಗಾಧರೇಶ್ವರನ ಸನ್ನಿಧಿಗೆ ಬರಿಗಾಲಲ್ಲಿ ಹೋಗುವ ನಮಗೆ ಇದೇನೂ ಹೊಸತಲ್ಲ. ಆದರೆ ಅನುರಾಧಪುರದ ಸ್ತೂಪಗಳ ಸುತ್ತಲಿನ ಕಲ್ಲುಹಾಸು ಬಯಲಿನಲ್ಲಿದ್ದು, ಮಧ್ಯಾಹ್ನ ಕಾದ ಹೆಂಚಿನಂತಿರುತ್ತದೆ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಸುಟ್ಟದ್ದು ತಿಳಿಯುವುದೇ ಇಲ್ಲ. ಬೊಬ್ಬೆ ಒಡೆದು ಹುಣ್ಣಾದ ಮೇಲೆ ಗೊತ್ತಾಗುತ್ತದೆ. ಅಂಥ ಹುಣ್ಣು ಬೆರಳನ್ನೇ ಕಳೆಯುವವರೆಗೂ ಹೋಗಬಹುದು. ಬೆಳಿಗ್ಗೆ ಬೇಗ ಇಲ್ಲವೇ ಸಂಜೆ ಹೋಗಿ. ದಪ್ಪ ಕಾಲುಚೀಲಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ಕೇಳಿ ಹಾಕಿಕೊಳ್ಳಿ. ರಾತ್ರಿ ಅಂಗಾಲನ್ನು ಜೊತೆಯವರಿಗೆ ತೋರಿಸಿ.

ಬುದ್ಧನ ವಿಗ್ರಹಕ್ಕೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳಬೇಡಿ. ಅಲ್ಲಿ ಅದು ದೊಡ್ಡ ಅಗೌರವ.

ಡೆಂಗಿ ಮಾತ್ರ ಅಲ್ಲೂ ಇದೆ. 2017ರಲ್ಲಿ ಸುಮಾರು 1.86 ಲಕ್ಷ ಪ್ರಕರಣಗಳು ವರದಿಯಾಗಿದ್ದವು. ಅದರ ಸೊಳ್ಳೆ ಕಚ್ಚುವುದು ಹಗಲಲ್ಲಿ. ಅಲ್ಲಾಗಲಿ, ಮರಳಿದ ಎರಡು ವಾರದೊಳಗಾಗಲಿ ಜ್ವರ ಬಂದರೆ ಪ್ಯಾರಸಿಟಮಾಲ್ ಸಾಕು. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಬೇಡಿ, ರಕ್ತಸ್ರಾವವಾದೀತು. ತಡಮಾಡದೆ ವೈದ್ಯರನ್ನು ಕಂಡು, ಪ್ರವಾಸದ ವಿಷಯವನ್ನೂ ತಿಳಿಸಿ. ಅಲ್ಲಿನ ಉಚಿತ ಆಂಬುಲೆನ್ಸ್ ಸಂಖ್ಯೆ 1990.