ಬ್ಯಾಟರಿ ಬದಲಿಸುವ ಮುನ್ನ

ಬೆಳಿಗ್ಗೆ ಕಾರಿನ ಸೆಲ್ಫ್ ಎತ್ತದಿದ್ದರೆ ಮೊದಲು ಬೈಸಿಕೊಳ್ಳುವುದು ಬ್ಯಾಟರಿ. ಹೊಸದು ಹಾಕಿಸಿದ ಮೇಲೆ ನಾಲ್ಕು ದಿನ ಎಲ್ಲ ಸುಸೂತ್ರ. ಆಮೇಲೆ ಮತ್ತೆ ಅದೇ ಟಕ್ ಟಕ್ ಸದ್ದು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಊರುಗಳ ಪುಟ್ಟ ಮಳಿಗೆಗಳವರೆಗೆ ಹರಡಿರುವ ಆಟೊ ಎಲೆಕ್ಟ್ರಿಷಿಯನ್ ಕಸುಬಿನ ಬೆಲೆ ತಿಳಿಯುವುದು ಆಗಲೇ. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಲು ಸ್ಪ್ಯಾನರ್ ಹಿಡಿಯಲು ಬಂದರೆ ಸಾಕು. ಕೆಟ್ಟಿರುವುದು ಯಾವುದೆಂದು ಹೇಳಲು ಮಾತ್ರ ಅಳೆಯಲು ಗೊತ್ತಿರಬೇಕು.

ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಪೂರ್ತಿ ಚಾರ್ಜ್ ಆದ ಬ್ಯಾಟರಿ ಮಲ್ಟಿಮೀಟರಿನಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಆಲ್ಟರ್ನೇಟರ್ ಬ್ಯಾಟರಿಯನ್ನು ಚಾರ್ಜ್ ಮಾಡುವುದರಿಂದ ಅದು ಸಾಮಾನ್ಯವಾಗಿ 13.8ರಿಂದ 14.5ರ ನಡುವೆ ಇರಬೇಕು. ಮೀಟರ್ 13ರಲ್ಲೇ ನಿಂತಿತೆನ್ನಿ, ‘ಆಲ್ಟರ್ನೇಟರ್ ಹೋಗಿದೆ’ ಎಂಬ ತೀರ್ಪು ಹೊರಡುತ್ತದೆ. ಪಳಗಿದವರು ಅಷ್ಟಕ್ಕೇ ಒಪ್ಪುವುದಿಲ್ಲ. ಹೆಡ್‌ಲೈಟ್, ಬ್ಲೋವರ್ ಹಾಕಿಸಿ, ಎಂಜಿನ್ ತುಸು ರೇಸ್ ಮಾಡಿಸಿ, ಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರ್ ಹಿಂಬದಿಯ ಬಿ ಪ್ಲಸ್ ಬೋಲ್ಟಿಗೂ ಇನ್ನೊಂದನ್ನು ಬ್ಯಾಟರಿಯ ಪ್ಲಸ್ ಟರ್ಮಿನಲ್ಲಿಗೂ ಇಡುತ್ತಾರೆ. ದಾರಿಯಲ್ಲಿ ಎಷ್ಟು ವೋಲ್ಟ್ ಸೋರಿಹೋಗುತ್ತಿದೆ ಎಂಬುದನ್ನು ಇದು ನೇರವಾಗಿ ಹೇಳುತ್ತದೆ. 60 ಆಂಪಿಯರ್ ಹರಿಯುವ ತಂತಿಯ ತುದಿಯ ಲಗ್ ಕಿಲುಬು ಹಿಡಿದು ಬರೀ 0.02 ಓಮ್ ಅಡ್ಡಿ ಮಾಡಿದರೂ 1.2 ವೋಲ್ಟ್ ಮಾಯ. ಆಲ್ಟರ್ನೇಟರ್ 14.2 ಕೊಟ್ಟರೂ ಬ್ಯಾಟರಿಗೆ ಸಿಗುವುದು 13. ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ತಿಂಗ್ ಪಟ್ಟಿ ಸಡಿಲವಾದರೂ ಇದೇ ಪಾಡು. ಎಂಜಿನ್ ನಿಲ್ಲಿಸಿ ತಂತಿ ಪರೀಕ್ಷಿಸಿದರೆ ಈ ದೋಷ ಸಿಕ್ಕಿಬೀಳದು. ಹತ್ತಾರು ಎಳೆಗಳಲ್ಲಿ ಒಂದೇ ಉಳಿದಿದ್ದರೂ ಮೀಟರ್ ಬೀಪ್ ಎನ್ನುತ್ತದೆ. ಹಳೆಯ ಅನೇಕ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ದೀಪದ ಮೂಲಕವೇ ಆಲ್ಟರ್ನೇಟರಿಗೆ ಮೊದಲ ಕರೆಂಟ್ ಹೋಗುತ್ತದೆ. ಆ ಪುಟ್ಟ ಬಲ್ಬು ಸುಟ್ಟರೆ ಚಾರ್ಜಿಂಗೇ ಶುರುವಾಗದೆ ಹೋಗಬಹುದು!

ಈಗಿನ ಕಾರುಗಳಲ್ಲಿ ಚಾರ್ಜಿಂಗನ್ನು ಕಂಪ್ಯೂಟರ್ ನಿಯಂತ್ರಿಸುತ್ತದೆ, ಮೀಟರಿನ ಕಾಲ ಮುಗಿಯಿತು ಎನ್ನುವವರಿದ್ದಾರೆ. ಅರ್ಧ ಸತ್ಯ. ಬ್ಯಾಟರಿ ತುಂಬಿದ್ದಾಗ ಇಂಥ ಕಾರುಗಳು ತಾವಾಗಿಯೇ ವೋಲ್ಟೇಜ್ ಇಳಿಸುವುದುಂಟು. ಅದನ್ನು ದೋಷವೆಂದು ಓದಿದವರು ಒಳ್ಳೆಯ ಆಲ್ಟರ್ನೇಟರನ್ನೇ ಗುಜರಿಗೆ ಹಾಕಿಸುತ್ತಾರೆ. ಹಾಗಾಗಿ ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಬೇಕು. ಆದರೆ ವೋಲ್ಟೇಜ್ ಕಡಿಮೆ ಎಂದಷ್ಟೇ ಹೇಳುವ ಸ್ಕ್ಯಾನರ್, ಯಾವ ಲಗ್ಗಿನಲ್ಲಿ ಕಿಲುಬಿದೆ ಎಂದು ತೋರಿಸುವುದಿಲ್ಲ. ಬ್ಯಾಟರಿಗೂ ಆಯಸ್ಸಿದೆ, ಬಿಸಿಲೂರುಗಳಲ್ಲಿ ಅದು ಬೇಗ ಸೋಲುತ್ತದೆ ಎಂಬುದೂ ನಿಜ. ಆದರೆ ಚಾರ್ಜಿಂಗ್ ನೋಡದೆ ಹೊಸದು ಹಾಕಿದರೆ ಅದೂ ಅರೆಹೊಟ್ಟೆಯಲ್ಲೇ ಸವೆಯುತ್ತದೆ. ಡೈನಮೊ ಕಾಲದಿಂದ ಉಳಿದುಬಂದ ಒಂದು ಚಾಳಿಯನ್ನಂತೂ ಸಮರ್ಥಿಸಲಾಗದು: ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕೀಳುವುದು. ಆಗ ಏಳುವ ವೋಲ್ಟೇಜಿಗೆ ಆಲ್ಟರ್ನೇಟರಿನ ಡಯೋಡುಗಳೂ ಕಂಪ್ಯೂಟರೂ ಬಲಿಯಾಗಬಹುದು. ಹಾಗೆ ಮಾಡಲು ಬಂದವರನ್ನು ತಡೆಯಿರಿ; ಬ್ಯಾಟರಿಗೆ ದುಡ್ಡು ಕೊಡುವ ಮೊದಲು ಎಂಜಿನ್ ಓಡಿಸಿ, ಮೀಟರ್ ತೋರಿಸಿ ಎಂದು ಕೇಳಿ.