ಸೆರೆಮನೆಯಲ್ಲಿ ಔಷಧದ ಹೊತ್ತು

ರಾತ್ರಿ ಮಲಗುವಾಗ ಒಂದು ಗುಳಿಗೆ ಎಂದು ವೈದ್ಯರು ಬರೆದುಕೊಟ್ಟರೆ ನಾವು ಮಲಗುವಾಗ ಅದನ್ನು ನುಂಗುತ್ತೇವೆ. ಸೆರೆಮನೆಯಲ್ಲಿರುವವನಿಗೆ ಆ ಹೊತ್ತು ಅವನ ವಶದಲ್ಲಿಲ್ಲ. ಕೋಣೆಗಳಿಗೆ ಬೀಗ ಬೀಳುವುದಕ್ಕೆ ಮೊದಲೇ ಔಷಧ ಹಂಚುವವರ ಕೆಲಸ ಮುಗಿಯಬೇಕು; ಆದುದರಿಂದ ರಾತ್ರಿಯ ಗುಳಿಗೆಯು ಸಂಜೆಯೇ ಅವನ ಬಾಯಿಗೆ ಬೀಳುವುದುಂಟು. ನಿದ್ರೆಯ ಔಷಧವನ್ನು ನುಂಗಿದವನು ಬೆಳಕಿರುವಾಗಲೇ ತೂಕಡಿಸಿ ನಡುರಾತ್ರಿಯಲ್ಲಿ ಎಚ್ಚತ್ತು ಕುಳಿತರೆ, ತಪ್ಪು ಔಷಧದ್ದೂ ಅಲ್ಲ, ಅವನದೂ ಅಲ್ಲ.

ಇಂಗ್ಲೆಂಡಿನಲ್ಲಿ ಈ ವಿಷಯವು ಗಂಭೀರವಾದ ವಿಚಾರಣೆಗೆ ಬಂದಿದೆ. ಅಲ್ಲಿ ಖೈದಿಗಳ ವೈದ್ಯಕೀಯದ ಹೊಣೆಯು ಬಹುಕಾಲ ಸೆರೆಮನೆಯ ಇಲಾಖೆಯದೇ ಆಗಿದ್ದು, 2006ರ ವೇಳೆಗೆ ರಾಷ್ಟ್ರೀಯ ಆರೋಗ್ಯ ಸೇವೆಗೆ ಸೇರಿತು. ಅದಕ್ಕೆ ಮುಂಚೆ, 2003ರಲ್ಲಿ, ಖೈದಿಗಳ ಔಷಧ ವ್ಯವಸ್ಥೆಯನ್ನು ಕುರಿತು ಒಂದು ಸರ್ಕಾರಿ ವರದಿಯು ಹೊರಟಿತು. ಅದರ ತಿರುಳು ಇಷ್ಟೆ: ಪ್ರತಿಯೊಂದು ಹೊತ್ತಿಗೂ ರೋಗಿಯನ್ನು ಕಿಟಕಿಯ ಮುಂದೆ ಸಾಲಿನಲ್ಲಿ ನಿಲ್ಲಿಸುವ ಬದಲು ಔಷಧವನ್ನು ಅವನ ಕೈಗೇ ಕೊಟ್ಟಿರುವುದು ಸಾಮಾನ್ಯ ನಿಯಮವಾಗಬೇಕು. ಹೀಗೆ ಒಂದು ವಾರಕ್ಕೋ ನಾಲ್ಕು ವಾರಕ್ಕೋ ಸಾಲುವಷ್ಟನ್ನು ಒಮ್ಮೆಗೇ ಕೊಡಬಹುದು.

ಇದಕ್ಕೆ ಬರುವ ಆಕ್ಷೇಪಣೆಗಳು ಹುರುಳಿಲ್ಲದವಲ್ಲ. ಬಲಶಾಲಿಯು ದುರ್ಬಲನನ್ನು ಬೆದರಿಸಿ ಕಿತ್ತುಕೊಳ್ಳುತ್ತಾನೆ. ಸಾಲಗಾರನು ಗುಳಿಗೆಗಳನ್ನು ಮಾರಿಕೊಳ್ಳುತ್ತಾನೆ. ಬದುಕಿನಲ್ಲಿ ಆಸೆಯಿಲ್ಲದವನು ಅವುಗಳನ್ನು ಕೂಡಿಡುತ್ತಾನೆ. ನರಗಳ ನೋವಿಗೂ ಮೂರ್ಛೆರೋಗಕ್ಕೂ ಕೊಡುವ ಪ್ರೀಗ್ಯಾಬಲಿನ್, ಗ್ಯಾಬಪೆಂಟಿನ್ ಎಂಬ ಔಷಧಗಳು ಅಲ್ಲಿನ ಸೆರೆಮನೆಗಳಲ್ಲಿ ಹೀಗೆಯೇ ಕೈಯಿಂದ ಕೈಗೆ ದಾಟುತ್ತಿದ್ದುವು. 2019ರ ಏಪ್ರಿಲಿನಲ್ಲಿ ಅವುಗಳನ್ನು ಮಾದಕ ವಸ್ತುಗಳ ಕಾಯಿದೆಗೆ ಒಳಪಡಿಸಲಾಯಿತು. ಆದುದರಿಂದ ಕೊಡುವ ಮೊದಲು ಮನುಷ್ಯನನ್ನೂ ಔಷಧವನ್ನೂ ಬೇರೆ ಬೇರೆಯಾಗಿ ತೂಗಿ ನೋಡುವುದು ಅಲ್ಲಿನ ಪದ್ಧತಿ. ಮೆಥಡೋನ್ ಮುಂತಾದುವನ್ನು ದಾದಿಯ ಕಣ್ಣೆದುರಿಗೇ ಕುಡಿಯಬೇಕು. ಉಬ್ಬಸದವನು ಸೇದುವ ಔಷಧವಾದರೋ ಅವನ ಬಳಿಯಲ್ಲೇ ಇರಬೇಕು. ಉಸಿರು ಕಟ್ಟುವಾಗ ಬೀಗದ ಕೈ ಹುಡುಕಲಾಗದು. ಇವೆರಡರ ನಡುವಣ ಔಷಧಗಳಲ್ಲಿ ಸಂದೇಹ ಬಂದಾಗಲೆಲ್ಲ ಎಲ್ಲರಿಗೂ ಬೇಡವೆನ್ನುವುದು ಅಧಿಕಾರಿಗೆ ಸುಲಭ. ಆದರೆ ಬಿಡುಗಡೆಯ ದಿನದಿಂದ ತನ್ನ ಔಷಧವನ್ನು ತಾನೇ ನೋಡಿಕೊಳ್ಳಬೇಕಾದವನಿಗೆ ಒಳಗಿರುವಷ್ಟು ಕಾಲವೂ ಆ ಅಭ್ಯಾಸವನ್ನು ತಪ್ಪಿಸುವುದು ನಮಗೆ ವಿವೇಕವೆಂದು ತೋರುವುದಿಲ್ಲ. ಒಂದು ಬೀಗವಿರುವ ಪೆಟ್ಟಿಗೆಯನ್ನು ಕೋಣೆಯಲ್ಲಿ ಒದಗಿಸಿದರೆ ಅರ್ಧ ತೊಡಕು ಕಳೆಯುತ್ತದೆ.

ಹೆಚ್ಚಿನ ಅಪಾಯವಿರುವುದು ಹೆಬ್ಬಾಗಿಲಿನಲ್ಲಿ. ಕ್ಷಯಕ್ಕೂ ಮೂರ್ಛೆಗೂ ಔಷಧವು ನಡುವೆ ನಿಂತರೆ ರೋಗವು ಮರುಕಳಿಸುತ್ತದೆ. ವಿಶ್ವಸಂಸ್ಥೆಯು 2015ರಲ್ಲಿ ಅಂಗೀಕರಿಸಿದ ಮಂಡೇಲಾ ನಿಯಮಗಳು ಚಿಕಿತ್ಸೆಯು ಒಳಗೂ ಹೊರಗೂ ಕಡಿಯದೆ ನಡೆಯಬೇಕೆನ್ನುತ್ತವೆ. ಬಿಡುಗಡೆಯಾಗುವವನಿಗೆ ಏಳು ದಿನಗಳಿಗಾದರೂ ಸಾಲುವ ಔಷಧವನ್ನೋ ಅದಕ್ಕೆ ಚೀಟಿಯನ್ನೋ ಕೊಡಬೇಕೆಂದು ಇಂಗ್ಲೆಂಡಿನ 2016ರ ವೈದ್ಯಕೀಯ ಸೂಚನೆಯಿದೆ. ಶುಕ್ರವಾರ ಹೊರಬಂದವನಿಗೆ ಎರಡು ದಿನ ಕಚೇರಿಗಳ ಬಾಗಿಲು ತೆರೆದಿರುವುದಿಲ್ಲ. ಅಂಥವರಲ್ಲಿ ತಕ್ಕವರನ್ನು ಎರಡು ದಿನ ಮುಂಚಿತವಾಗಿಯೇ ಬಿಡಬಹುದೆಂದು 2023ರಲ್ಲಿ ಅಲ್ಲಿ ಶಾಸನವಾಯಿತು.