ಯಾವ ಕ್ರೆಡಿಟ್ ಕಾರ್ಡ್ ನಮಗೆ ಸರಿ?

ವಿಮಾನ ನಿಲ್ದಾಣದ ಲಾಂಜ್ ಉಚಿತ ಅಂತ ಕಾರ್ಡ್ ಮಾರುವವರು ಆಸೆ ತೋರಿಸ್ತಾರೆ. ಸಕಲೇಶಪುರ, ಆಲೂರಿನ ಗೃಹಿಣಿಗೆ ಅದರಿಂದೇನು ಲಾಭ? ನಮ್ಮ ಖರ್ಚೆಲ್ಲ ದಿನಸಿ, ಔಷಧಿ, ಪೆಟ್ರೋಲಿಗೆ ತಾನೆ!

ರುಪೇ ಕ್ರೆಡಿಟ್ ಕಾರ್ಡನ್ನು 2022ರಿಂದ ಯುಪಿಐಗೆ ಜೋಡಿಸಬಹುದು. ಕಾರ್ಡ್ ಯಂತ್ರವಿಲ್ಲದ ಅಂಗಡಿಯಲ್ಲೂ ಕ್ಯೂಆರ್ ಕೋಡ್‌ಗೆ ಹಣ ಕೊಡಬಹುದು. ಆದರೆ ನೆಂಟರಿಷ್ಟರಿಗೆ ಕಳಿಸೋಕಾಗಲ್ಲ.

ಲೆಕ್ಕ ಹಾಕಿ ನೋಡಿ. ವಾರ್ಷಿಕ ಶುಲ್ಕ 500 ರೂ. ಇದ್ದರೆ ಜಿಎಸ್‌ಟಿ ಸೇರಿ 590 ರೂ. ಆಗುತ್ತದೆ. ಶೇ. 1ರಷ್ಟು ವಾಪಸ್ ಸಿಗುವ ಕಾರ್ಡಾದರೆ, 59 ಸಾವಿರ ಖರ್ಚು ಮಾಡಿದಾಗಷ್ಟೇ ಆ ಶುಲ್ಕ ಹುಟ್ಟುತ್ತದೆ.

ಕಾಫಿ ದುಡ್ಡು ವರ್ಷಕ್ಕೊಮ್ಮೆ, ಬಿಲ್ಲು ತಿಂಗಳು ತಿಂಗಳು. ‘ಕನಿಷ್ಠ ಮೊತ್ತ’ ಮಾತ್ರ ಕಟ್ಟಿದರೆ ಬಾಕಿಗೆ ಬಡ್ಡಿ ಬೀಳುತ್ತದೆ. ತಿಂಗಳಿಗೆ ಶೇ. 3.5 ಅಂದರೆ ವರ್ಷಕ್ಕೆ ಶೇ. 42! ಹಾಗಾಗಿ ಮೊದಲು ಬಡ್ಡಿ, ಶುಲ್ಕ ವಿಚಾರಿಸಿ. ಉಡುಗೊರೆ ಮಾತು ಆಮೇಲೆ.